ನಾಲ್ಕು ಮೊಳದ ದಬ್ಬೆ

ದಬ್ಬೆಯೊಳಗೆ ಇರುವೆ ಸಾಲು ಹೊರಟಿದೆ, ಈ ತುದಿಯಿಂದ ಆ ತುದಿಗೆ, ನೀರು ಹರಿಯಬೇಕಾದ ದಾರಿಯಲ್ಲಿ ಕರಿ ಇರುವೆ, ಒಂದರ ಬಾಯಲ್ಲಿ ಅಕ್ಕಿ ನುಚ್ಚು — ಹದಿನಾರು ದಿನ ನೀರು ಕಾಣದ ಬಿದಿರು ಇರುವೆಗೆ ರಾಜಬೀದಿಯಾಗದೆ ಇನ್ನೇನಾದೀತು, ಎಂದುಕೊಂಡಳು ಮುತ್ತುಮಾರಿ, ಒಮ್ಮೆ ಊದಿದರೆ ಹಾರಿಹೋಗುತ್ತವೆ, ಆದರೆ ಬಾಯಿ ಅದರ ಹತ್ತಿರ ತರಲಾರಳು, ಆ ಬಿದಿರಿನ ವಾಸನೆ ಬೇಡ. ನಾಲ್ಕು ಮೊಳದ ಸೀಳುಬಿದಿರು. ತಣ್ಣೀರು ಪಂದಲಿನ, ದಾರಿಹೋಕರ ಅರವಟ್ಟಿಗೆಯ, ಮುಂದೆ ಎರಡು ಗೂಟಕ್ಕೆ ಓರೆಯಾಗಿ ಕಟ್ಟಿದೆ, ಈ ತುದಿಯಲ್ಲಿ ನಿಂತು ಚೊಂಬಿನಿಂದ ನೀರು ಬಿಟ್ಟರೆ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತವನ ಬೊಗಸೆಗೆ ಬೀಳುತ್ತದೆ, ಕೊಡುವವರ ಚೊಂಬಿಗೆ ಕುಡಿಯುವವನ ಗಾಳಿ ಸೋಕುವುದಿಲ್ಲ, ಜಾತಿಯೂ ಉಳಿಯಿತು ಪುಣ್ಯವೂ ಬಂತು, ನಮ್ಮ ದೊಡ್ಡೋರು ಎಷ್ಟು ಬುದ್ಧಿವಂತರು ನೋಡು ಮಗಾ, ಅನ್ನುತ್ತಿದ್ದಳು ಅವ್ವ, ನಗುತ್ತಲೇ ಅನ್ನುತ್ತಿದ್ದಳು, ಇನ್ನು ಅನ್ನುವುದಿಲ್ಲ. ಇರುವೆ ನಡುಗೆಣ್ಣು ದಾಟಿತು. ಆದರೆ ಇದನ್ನು ಇಲ್ಲಿ ಮತ್ತೆ ಕಟ್ಟಿದವರು ಯಾರು? ಹದಿನಾರು ದಿನದ ಹಿಂದೆ ಹುಣಸೆ ತೋಪಿನ ಗುಡಿಸಲ ಮುಂದೆ ಇದೇ ದಬ್ಬೆಯನ್ನು ಮಣ್ಣಿಗೆ ಬಿಸಾಡಿ ಓಡಿದವಳು ಅವಳು, ಹಿಂದೆ ತಿರುಗಿ ನೋಡಿದವಳಲ್ಲ, ಈಗ ಬಂದು ನೋಡಿದರೆ ಇದ್ದಲ್ಲಿಗೇ ಬಂದು ಕೂತಿದೆ, ತೊಳೆದು, ಹೊಸ ಕತ್ತಾಳೆ ಹಗ್ಗ ಬಿಗಿದು, ಏನೂ ನಡೆದೇ ಇಲ್ಲ ಎನ್ನುವ ಹಾಗೆ.

ಬಿಸಿಲು ಏರುತ್ತಿದೆ, ಜನ ಬರುತ್ತಿದ್ದಾರೆ. ಗೂಡಲೂರಿನ ಕೊನೆಯ ಮನೆ ದಾಟಿದರೆ ಈ ಪಂದಲು, ಪಂದಲು ದಾಟಿದರೆ ಕುಮುಳಿ ಘಾಟಿಯ ಏರು, ಏರಿದ ಮೇಲೆ ಕಾಡು, ಆ ಕಾಡಿನಾಚೆ ಹೊಳೆಗೆ ಅಡ್ಡ ಅಣೆ ಕಟ್ಟುತ್ತಿದ್ದಾರೆ, ಏಳು ವರ್ಷವಾಯಿತು, ಪಡುವಣಕ್ಕೆ ಓಡುವ ನೀರನ್ನು ಬೆಟ್ಟ ಕೊರೆದು ನಮ್ಮ ಕಣಿವೆಗೆ ತಿರುಗಿಸುತ್ತಾರಂತೆ, ಹೇಳಿದವರಿಗೂ ನಂಬಿಕೆಯಿಲ್ಲ ಕೇಳಿದವರಿಗೂ ನಂಬಿಕೆಯಿಲ್ಲ — ನೀರು ತಿರುಗ್ದಾಗ ತಿರುಗ್ಲಿ ಕಣೇ, ಅದ್ನ ತಿರುಗ್ಸೋನಿಗೆ ಈಗ ಬಾಯಾರಿದೆ, ಅಂದಳು ಅವ್ವ, ಅಂದವಳೇ ಮಾರನೆಯ ದಿನ ಮೂರು ಮಡಕೆ ಹೊತ್ತು ತಂದು ಇಲ್ಲಿ ಮರಳಲ್ಲಿ ಹೂತಳು. ಮೂರು ಬೇಸಿಗೆ ನಡೆಸಿದಳು. ಇವತ್ತು ಅವಳ ಹದಿನಾರನೆಯ ದಿನ, ಸೂತಕ ಕಳೆಯಿತು, ಪಂದಲನ್ನು ಮತ್ತೆ ತೆರೆಯಬೇಕು, ಮೊದಲ ನೀರನ್ನು ಮಗಳೇ ಬಿಡಬೇಕು ಎಂದು ಊರ ದೊಡ್ಡವರು ಅಯ್ಯನಾರ್ ಗೌಡರು ಹೇಳಿ ಕಳಿಸಿದ್ದಾರೆ. ಯಾಕೆ ನಾನೇ ಅಂತ ಕೇಳಿದಳು. ನಿಮ್ಮವ್ವ ಪಿಚ್ಚೈಯಮ್ಮನಿಗೆ ಕೊನೇ ನೀರು ಕೊಟ್ಟ ಕೈ ಅಲ್ಲವೇನವ್ವಾ, ಹಸುಗೂಸನ್ನ ಸೊಂಟದಲ್ಲಿಟ್ಕಂಡು ಆ ಬೇನೆ ಗುಡಿಸ್ಲಿಗೆ ಯಾವ ಮಗ್ಳು ಹೋದಾಳು, ಅಂದರು. ಕೊನೇ ನೀರು ಕೊಟ್ಟ ಕೈ. ಆ ಮಾತು ಊರೆಲ್ಲ ಸುತ್ತಿ ಬಂತು, ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡರು, ಅವಳು ಕೈ ಕಿತ್ತುಕೊಂಡು ಸೆರಗಲ್ಲಿ ಮುಚ್ಚಿಕೊಂಡಳು, ನಾಚಿಕೆ ಪಾಪ, ಅಂದರು ಅವರು. ಆ ಕೈ ಏನು ಮಾಡಿತು ಎಂದು ಊರಿಗೆ ಗೊತ್ತಿಲ್ಲ. ಗೊತ್ತಾದರೆ ಇವತ್ತು ಈ ಚೊಂಬು ಮುಟ್ಟಿಸುತ್ತಿದ್ದರೇ?

ಅವ್ವನ ಕೈ ಬೇರೆ. ಎಡಗೈಯ ಕಿರುಬೆರಳು ಸೊಟ್ಟ, ಹೋರಿಯ ಹಗ್ಗ ಸುತ್ತಿ ಎಳೆದು ಮುರಿದದ್ದು ಹಾಗೇ ಕೂಡಿಕೊಂಡಿತ್ತು, ಎರಡು ಕೈ ಸೇರಿಸಿ ಬೊಗಸೆ ಮಾಡಿದರೆ ಆ ಬೆರಳು ಕೂಡದು, ಅಲ್ಲೊಂದು ಸಂದಿ, ಬಾವಿಯ ಹತ್ತಿರ ಬೊಗಸೆಯಲ್ಲಿ ನೀರು ಕುಡಿವಾಗ ಅರ್ಧ ಅಲ್ಲೇ ಸೋರುತ್ತಿತ್ತು, ಸಣ್ಣ ಮುತ್ತುಮಾರಿ ಕೆಳಗೆ ನಿಂತು ಆ ತೊಟ್ಟಿಗೆ ಬಾಯಿ ಒಡ್ಡುತ್ತಿದ್ದಳು, ಅವ್ವ ಬೇಕಂತಲೇ ನಿಧಾನವಾಗಿ ಕುಡಿಯುತ್ತಿದ್ದಳು, ಆ ತೊಟ್ಟಿನ ತಂಪು ಇನ್ನೂ ನಾಲಿಗೆಯ ಮೇಲಿದೆ — ಅವ್ವ ಹುಟ್ಟಿದ್ದು ಆಂಡಿಪಟ್ಟಿ ಕಡೆ, ಮೋಡ ದಾರಿ ತಪ್ಪಿಯೂ ಹೋಗದ ಸೀಮೆ, ಮೊದಲೆರಡು ಕೂಸು ಸತ್ತ ಮೇಲೆ ಹುಟ್ಟಿದವಳು, ಅದಕ್ಕೆ ಅವಳಮ್ಮ ಏಳು ಮನೆ ಬಾಗಿಲಲ್ಲಿ ಸೆರಗೊಡ್ಡಿ ಅಕ್ಕಿ ಬೇಡಿ ತಂದು ಆ ಗಂಜಿ ಕುಡಿಸಿ ಪಿಚ್ಚೈ ಎಂದು ಹೆಸರಿಟ್ಟಳು, ಭಿಕ್ಷೆಯ ಕೂಸು, ಬೇಡಿ ತಂದದ್ದನ್ನು ಯಮನೂ ಕೇಳುವುದಿಲ್ಲ ಎಂದು ನಂಬಿಕೆ. ನಾನೇ ಊರು ಹಾಕಿದ ಪಿಚ್ಚೆ, ನಾನು ಊರಿಗೆ ಹಾಕದೆ ಇರೋಕಾಯ್ತದಾ, ಅನ್ನುತ್ತಿದ್ದಳು ಯಾರಾದರೂ ಬೈದರೆ. ಬೈಯುವವರಿಗೇನು ಕಡಿಮೆ. ಹೆರಿಗೆ ಎಂದರೆ ಓಡುತ್ತಿದ್ದಳು, ಹೆಣ ಎಂದರೆ ಓಡುತ್ತಿದ್ದಳು, ಒಲೆಯ ಮೇಲೆ ಕೂಳು ಹೊತ್ತಿ ಸೀದುಹೋಗುತ್ತಿತ್ತು, ಮುತ್ತುಮಾರಿಯೇ ಎಷ್ಟು ಸಲ ಬೈದಿಲ್ಲ, ಊರಿಗೆಲ್ಲ ಅವ್ವ ನೀನು, ನನಗೆ ಮಾತ್ರ ಸೀದ ಕೂಳು, ಎಂದು. ಆಗ ಅವ್ವ ಸೀದದ್ದನ್ನು ತನ್ನ ಕಡೆ ಎಳೆದುಕೊಂಡು ಮೇಲಿನದ್ದನ್ನು ಮಗಳಿಗೆ ಬಡಿಸುತ್ತಿದ್ದಳು. ಆ ಜಗಳವನ್ನೆಲ್ಲ ಈಗ ಯಾರ ಹತ್ತಿರ ಆಡುವುದು.

ಈ ದಬ್ಬೆಗೂ ಜಗಳವೇ ಆಗಿತ್ತು. ಪಂದಲು ಹಾಕುತ್ತೀನಿ ಎಂದು ಅವ್ವ ಅಯ್ಯನಾರ್ ಗೌಡರ ಜಗಲಿ ಮುಂದೆ ನಿಂತ ದಿನ ಮುತ್ತುಮಾರಿಯೂ ಜೊತೆಗಿದ್ದಳು, ಗೌಡರು ಎಲೆ ಮಡಿಸುತ್ತ, ಹಾಕು, ಬೇಡ ಅನ್ನಾಕಿಲ್ಲ, ಬೆಟ್ಟಕ್ಕೋಗೋರು ಯಾವ್ಯಾವ ಜಾತಿಯೋ, ದಬ್ಬೆ ಕಟ್ಟು, ಇಲ್ದಿದ್ರೆ ನಮ್ಮೋರು ಒಬ್ರೂ ನಿನ್ ಮನೇಲಿ ನೀರು ಮುಟ್ಟಾಕಿಲ್ಲ, ಅಂದರು. ಅವ್ವ ಒಪ್ಪಿದಳು. ಒಪ್ಪಿದವಳು ಅಲ್ಲಿಗೇ ಬಿಟ್ಟಳೇ, ಇನ್ನೊಂದು ಕೇಳಿದಳು, ತಂಬಿರಾನ್ ದನದ ಮಜ್ಜಿಗೆ ಕೊಡಿ ಗೌಡ್ರೇ ಪಂದಲಿಗೆ. ಜಗಲಿ ಮೇಲಿದ್ದವರ ಬಾಯಲ್ಲಿ ಎಲೆ ನಿಂತುಹೋಯಿತು. ದೇವರ ಹಿಂಡು ಅದು, ತಾತಂದಿರು ಕನ್ನಡ ಸೀಮೆಯಿಂದ ಬರುವಾಗ ಮಕ್ಕಳಿಗಿಂತ ಮುಂದೆ ಹೊಡೆದುಕೊಂಡು ಬಂದ ದನ, ಅದರ ಹಾಲನ್ನು ಮಾರುವಂತಿಲ್ಲ — ಮಾರಬ್ಯಾಡ ಅಂತ ಐತೆ ಗೌಡ್ರೇ, ಕೊಡಬ್ಯಾಡ ಅಂತ ಐತಾ? ಗೌಡರು ಉಗುಳಲು ಎದ್ದವರು ನಗು ಮುಚ್ಚಿಕೊಳ್ಳಲು ಆಚೆ ಹೋದರು, ದಿನಕ್ಕೊಂದು ಮಡಕೆ ಮಜ್ಜಿಗೆ ಬಂತು. ದಬ್ಬೆಯೂ ನಿಂತಿತು. ಆದರೆ ಅವ್ವ ಅದನ್ನು ಬಳಸಿದ್ದು ಗೌಡರ ಕೊಡೆ ದಾರಿಯಲ್ಲಿ ಕಂಡಾಗ ಮಾತ್ರ, ಕೊಡೆ ಮರೆಯಾದರೆ ಚೊಂಬು ಹಿಡಿದು ಈ ತುದಿಯಿಂದ ಆ ತುದಿಗೆ ನಡೆದುಬಿಡುತ್ತಿದ್ದಳು, ಕೂತವನ ಬೊಗಸೆಯ ಮೇಲೇ ಚೊಂಬು ಬಗ್ಗಿಸುತ್ತಿದ್ದಳು, ಯಾಕವ್ವಾ ಎಂದರೆ, ನಾಕು ಮೊಳ ಹರಿಯೋದ್ರೊಳ್ಗೆ ಈ ಬಿಸಿಲ್ಗೆ ನೀರು ಕಾದೋಯ್ತದೆ ಕಣೇ, ಕಾದ ನೀರು ಕೊಟ್ಟು ಪುಣ್ಯ ತಗೋಳಾಕಾಯ್ತದಾ, ಅನ್ನುತ್ತಿದ್ದಳು. ಕುಡಿದವರು ಎದ್ದು ಬಾಯಿ ಒರೆಸಿಕೊಂಡು ಒಂದೇ ಮಾತು ಹೇಳಿ ಬೆಟ್ಟದ ಕಡೆ ಹೋಗುತ್ತಿದ್ದರು, ದಿಂಡುಕಲ್ಲಿನವನಿರಲಿ ವೇದಸಂದೂರಿನವನಿರಲಿ ಅದೇ ಮಾತು, ನಲ್ಲಾ ಇರು ತಾಯೇ. ಚೆನ್ನಾಗಿರು ತಾಯಿ ಎಂದು. ದಿನಕ್ಕೆ ನೂರು ಸಲ ಆ ಮಾತು ಕೇಳಿ ಕೇಳಿ ಅವ್ವ ಮನೆಗೆ ಬಂದು ಅದನ್ನೇ ಅಣಕಿಸುತ್ತಿದ್ದಳು, ಮುತ್ತುಮಾರಿ ಕೂಳು ಬಡಿಸಿದರೆ ದಪ್ಪ ದನಿ ಮಾಡಿ, ನಲ್ಲಾ ಇರು ತಾಯೇ, ಮೊಮ್ಮಗ ವೇಲು ಅವಳ ಮಡಿಲಲ್ಲಿ ಉಚ್ಚೆ ಹೊಯ್ದರೆ ಅವನಿಗೂ ನಲ್ಲಾ ಇರು ತಂದೇ. ಮನೆಯಲ್ಲಿ ತಮಿಳು ಆಡಿದರೆ ಅದು ತಮಾಷೆಗೇ.

ತಮಾಷೆಗೇ ಇರಬೇಕು. ಅಲ್ಲವೇ. — ಬೇಸಿಗೆ ಬಲಿತಿತೆಂದರೆ ಬೆಟ್ಟದ ಕೆಲಸ ನಿಲ್ಲುತ್ತದೆ, ಜ್ವರದ ಕಾಲ, ಸಾವಿರಗಟ್ಟಲೆ ಜನ ಘಾಟಿ ಇಳಿಯುತ್ತಾರೆ, ಈ ಸಲ ಇಳಿದವರ ಜೊತೆ ವಾಂತಿಭೇದಿಯೂ ಇಳಿಯಿತು. ಊರು ಬಾಗಿಲು ಹಾಕಿಕೊಂಡಿತು, ಬೇವಿನ ಸೊಪ್ಪು ಕಟ್ಟಿತು, ಮಾರಿಗೆ ಹರಕೆ ಹೊತ್ತಿತು. ಅವ್ವ ಮಾತ್ರ ಹುಣಸೆ ತೋಪಿನಲ್ಲಿ ತಾಳೆಗರಿಯ ಗುಡಿಸಲು ಹಾಕಿಸಿ ದಾರಿಯಲ್ಲಿ ಬಿದ್ದವರನ್ನು ಅಲ್ಲಿಗೆ ಎಳೆಸಿಕೊಂಡಳು, ಉಪ್ಪು ಹಾಕಿದ ಗಂಜಿತಿಳಿ, ಒಣಶುಂಠಿಯ ಕಷಾಯ, ತೊಟ್ಟು ತೊಟ್ಟಾಗಿ, ಬಾಯಿಗೆ ತನ್ನ ಕೈಯಿಂದಲೇ, ಅಲ್ಲಿ ಯಾವ ದಬ್ಬೆ. ಮನೆಗೆ ಬರುವುದನ್ನು ಬಿಟ್ಟಳು, ಹತ್ರ ಬರಬ್ಯಾಡ, ಮಗ ಐತೆ, ಎಂದು ದೂರದಿಂದಲೇ ಕೂಗಿ ಕೇಳುತ್ತಿದ್ದಳು, ಹಾಲು ಕುಡೀತಾ, ನಗ್ತಾ. ವೇಲುವಿಗೆ ಐದು ತಿಂಗಳು. ಅವನಿಗಿಂತ ಮುಂಚೆ ಎರಡು ಹೋಗಿವೆ, ಒಂದು ಎಂಟು ದಿನಕ್ಕೆ, ಒಂದು ಹನ್ನೊಂದು ತಿಂಗಳಿಗೆ, ಆಗ ತಾನೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ, ಗೋಡೆಯ ಮೇಲೆ ಎಣ್ಣೆ ಕೈಯ ಗುರುತು ಇನ್ನೂ ಇದೆ, ಸುಣ್ಣ ಬಳಿಯಲು ಬಿಟ್ಟಿಲ್ಲ ಅವಳು. ಗಂಡ ಕರುಪ್ಪಯ್ಯ ದೇವರ ದನದ ಜೊತೆ ಬೆಟ್ಟದ ಹುಲ್ಲಿಗೆ ಹೋಗಿದ್ದ. ಮನೆಯಲ್ಲಿ ಅವಳು, ಕೂಸು, ಹಾಕಿದ ಬಾಗಿಲು.

ಆ ದಿನ ಮಧ್ಯಾಹ್ನ ಬೇಲಿಯಾಚೆಯಿಂದ ಅವ್ವನ ದನಿ ಬಂತು, ದನಿ ತೆಳುವಾಗಿತ್ತು, ಮುತ್ತೂ, ಬೆಳಗಿಂದ ನಂಗೂ ಶುರುವಾಗೈತೆ, ನಾ ಗುಡಿಸ್ಲಿಗೆ ಹೋಗಿ ಮಲಗ್ತೀನಿ, ಒಸಿ ಗಂಜಿತಿಳಿ ಮಾಡ್ಕಂಡು ಬಾ, ಮಗನ್ನ ಯಾರ ಹತ್ರನಾದ್ರೂ ಬಿಡು. ಯಾರ ಹತ್ತಿರ ಬಿಡುವುದು, ಒಂದು ಬಾಗಿಲೂ ತೆರೆದಿಲ್ಲ. ಗಂಜಿ ಕಾಯಿಸಿದಳು, ಉಪ್ಪು ಹಾಕಿದಳೋ ಇಲ್ಲವೋ ನೆನಪಿಲ್ಲ, ಅದೂ ಒಂದು ಕೊರಗು, ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟಳು, ಪಂದಲು ದಾಟಿ, ತೋಪು, ಗುಡಿಸಲು. ಅವ್ವ ಬಾಗಿಲಿಗೆ ತೆವಳಿಕೊಂಡು ಬಂದಿದ್ದಳು. ಒಂದೇ ದಿನಕ್ಕೆ ಕಣ್ಣು ಎಲ್ಲಿಗೆ ಹೋಗಿತ್ತು, ಕೆನ್ನೆ ಎಲ್ಲಿಗೆ ಹೋಗಿತ್ತು, ಅದು ಅವ್ವನ ಮುಖವೇ ಅಲ್ಲ, ವಾಸನೆ ಬಂತು, ವೇಲು ಅಜ್ಜಿಯ ಕಡೆ ಕೈ ಚಾಚಿ ನಕ್ಕ. ನಕ್ಕ ಅವನು. ಅಷ್ಟಕ್ಕೇ ಅವಳ ಕಾಲು ಹಿಂದೆ ಬಂತು, ಒಂದು ಹೆಜ್ಜೆ, ಇನ್ನೊಂದು, ನಾಲ್ಕು ಹೆಜ್ಜೆ. ಗಂಜಿಯನ್ನು ನೆಲಕ್ಕಿಟ್ಟು ಬರಬಹುದಿತ್ತು, ಕೂಸನ್ನು ಮರದ ನೆರಳಲ್ಲಿ ಮಲಗಿಸಿ ಹೋಗಬಹುದಿತ್ತು, ಕೈ ತೊಳೆಯಬಹುದಿತ್ತು, ಈಗ ಹತ್ತು ದಾರಿ ಕಾಣುತ್ತವೆ, ಆಗ ಒಂದೂ ಕಾಣಲಿಲ್ಲ, ಕಂಡದ್ದು ಒಂದೇ, ಓಡಿ ಪಂದಲಿಗೆ ಬಂದಳು, ಹಗ್ಗ ಕಿತ್ತು ದಬ್ಬೆ ಬಿಚ್ಚಿದಳು, ತಂದಳು, ಗುಡಿಸಲ ಮುಂದೆ ಒಂದು ಕವಲುಗಡ್ಡಿಯ ಮೇಲೆ ಈ ತುದಿ ಇಟ್ಟಳು, ಆ ತುದಿ ಅವ್ವನ ಮುಂದೆ.

ಅವ್ವ ದಬ್ಬೆಯನ್ನು ನೋಡಿದಳು, ಮಗಳನ್ನು ನೋಡಿದಳು. ಮೂರು ಬೇಸಿಗೆ ಈ ದಬ್ಬೆಯ ಜೊತೆ ಕಳ್ಳಾಟ ಆಡಿದವಳು, ಈ ತುದಿಯಲ್ಲಿ ನಿಲ್ಲಲಾರದೆ ಆ ತುದಿಗೆ ನಡೆದವಳು, ನಿಧಾನವಾಗಿ ಮೊಣಕಾಲು ಮಡಿಸಿದಳು, ಕುಕ್ಕರಗಾಲಲ್ಲಿ ಕೂತಳು, ಕೂರಲಾಗದೆ ಗರಿಗೆ ಒರಗಿದಳು, ಬಾಯಿಯ ಹತ್ತಿರ ಎರಡು ಕೈ ಕೂಡಿಸಿ ಬೊಗಸೆ ಒಡ್ಡಿದಳು. ಸೊಟ್ಟ ಬೆರಳು ಕೂಡಲಿಲ್ಲ. ಮುತ್ತುಮಾರಿ ಸುರಿದಳು, ಒಮ್ಮೆಲೇ ಹೆಚ್ಚು ಬಿತ್ತು, ಗಂಜಿತಿಳಿ ಆ ಸಂದಿಯಿಂದ ತೊಟ್ಟು ತೊಟ್ಟು ಮಣ್ಣಿಗೆ, ಅವ್ವ ಎಷ್ಟು ಕುಡಿದಳೋ, ಎರಡು ಗುಟುಕೋ ಮೂರೋ, ಮಗ ಹಾಲು ಕುಡೀತಾ ಅಂದಳು, ಹೂಂ ಅಂದಳು ಇವಳು, ಆಮೇಲೆ ಅವ್ವ ತಲೆ ಎತ್ತಿ, ಬಾಯಿ ಒರೆಸಿಕೊಳ್ಳದೆ, ಹೇಳಿದಳು, ನಲ್ಲಾ ಇರು ತಾಯೇ. ಅವ್ವ. ಮಗಳಿಗೆ. ದಾರಿಹೋಕರು ಹೇಳುವ ಹಾಗೆ. ನಗಿಸಲು ಅಂದಳೇ, ಆ ಸ್ಥಿತಿಯಲ್ಲೂ, ಹೆದರಿದ ಮಗಳನ್ನು ನಗಿಸಲು, ಅಥವಾ ನಾನೀಗ ನಿನಗೆ ದಾರಿಹೋಕಳಾದೆನಲ್ಲ ಎಂದು ಅಂದಳೇ, ಹದಿನಾರು ದಿನದಿಂದ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ, ಒಂದು ಸಲ ಹೀಗೆ ಕೇಳುತ್ತದೆ, ಒಂದು ಸಲ ಹಾಗೆ. ದಬ್ಬೆ ಬಿಸಾಡಿ ಓಡಿದಳು. ಸಂಜೆಗೆ ಬರುತ್ತೀನಿ ಎಂದುಕೊಂಡಳು, ಸಂಜೆಗೆ ಬರಲಿಲ್ಲ, ಕೂಸಿನ ಮೈ ಬಿಸಿಯಾದ ಹಾಗೆ ಕಂಡಿತು, ಬಿಸಿಯಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಯಾರೋ ಬಂದು ಬೇಲಿಯಾಚೆ ನಿಂತು, ತಾಯಿ ಹೋದ್ರು, ಅಂದರು.

ಆ ಯಾರೋ ಈಗ ಎದುರಿಗೆ ಬಂದು ನಿಂತಿದ್ದಾನೆ. ತಂಗವೇಲ್, ವೇದಸಂದೂರಿನವನು, ಬೆಟ್ಟದಲ್ಲಿ ಕಲ್ಲು ಹೊತ್ತವನು, ಅವ್ವ ಗಂಜಿ ಕುಡಿಸಿ ಬದುಕಿಸಿದ ಕೂಲಿಯವರಲ್ಲಿ ಒಬ್ಬ, ಊರಿಗೆ ಹೋಗದೆ ಹದಿನಾರನೆಯ ದಿನಕ್ಕೆಂದು ಉಳಿದವನು. ಮೈ ಇನ್ನೂ ಮೂಳೆ ಚಕ್ಕಳ. ಅವಳು ದಬ್ಬೆ ನೋಡುತ್ತಿದ್ದುದನ್ನು ಅವನು ನೋಡಿದ, ದೂರದಲ್ಲೇ ನಿಂತು ತಗ್ಗಿದ ದನಿಯಲ್ಲಿ ತಮಿಳಲ್ಲಿ ಹೇಳಿದ, ನಾನೇ ಕಟ್ಟಿದ್ದು ತಾಯೇ. ಹಾಗಾದರೆ ಅವನು ಆ ದಿನ ಗುಡಿಸಲ ಒಳಗಿದ್ದ, ಮೂಲೆಯಲ್ಲಿ ಚಾಪೆಯ ಮೇಲೆ, ಎಲ್ಲ ನೋಡಿದ್ದಾನೆ, ಈಗ ಹೇಳುತ್ತಾನೆ, ಜನರ ಮುಂದೆ, ಹೇಳಲಿ, ಹೇಳಿಬಿಡಲಿ — ನೀವು ಹೋದ ಮೇಲೆ ಅವರು ನನ್ನನ್ನ ಎಬ್ಬಿಸಿದರು, ಅಂದ ತಂಗವೇಲ್, ಎದ್ದು ನಿಲ್ಲೋ ಶಕ್ತಿ ನನಗಿರಲಿಲ್ಲ, ಆದರೂ ಎಬ್ಬಿಸಿದರು, ಏಯ್ ಇದನ್ನ ತೊಳೆದು ಮೊದಲಿದ್ದ ಜಾಗದಲ್ಲೇ ಕಟ್ಟಿಬಿಡು, ಯಾರಾದ್ರೂ ಇಲ್ಲಿ ಕಂಡ್ರೆ ನನ್ ಮಗ್ಳಿಗೆ ಕೆಟ್ಟ ಹೆಸರು ಬರುತ್ತೆ, ಅಂದರು. ಕಟ್ಟಿ ಬಂದು ಹೇಳಿದೆ, ಆಮೇಲೇ ಕಣ್ಣು ಮುಚ್ಚಿದರು. ಅವನ ಮುಖದಲ್ಲಿ ಬೈಗುಳ ಹುಡುಕಿದಳು, ಸಿಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಾಯುವ ಹೊತ್ತಲ್ಲೂ ಸೀದದ್ದನ್ನು ತನ್ನ ಕಡೆಗೇ ಎಳೆದುಕೊಂಡಳಲ್ಲ ಅವ್ವ.

ಅಯ್ಯನಾರ್ ಗೌಡರ ಕೊಡೆ ಬಂತು. ಹಿಂದೆ ಊರು, ಕರುಪ್ಪಯ್ಯನ ಹೆಗಲ ಮೇಲೆ ವೇಲು, ದುಂಡಗೆ, ಬದುಕಿ. ಗೌಡರು ಮಡಕೆಗೆ ಅರಿಸಿನ ಹಚ್ಚಿಸಿದರು, ಬೇವಿನೆಲೆ ಹಾಕಿಸಿದರು, ಮುದುಕನ ಕಣ್ಣಲ್ಲಿ ನೀರಿತ್ತು. ಅವ್ಳು ಮೂರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ಲು, ನಾನು ಕಂಡೂ ಕಾಣದಂಗಿದ್ದೆ, ಅಂದರು, ಇನ್ ಮುಂದೆ ಕಣ್ಣು ಮುಚ್ಕೊಳ್ಳೋದು ಬ್ಯಾಡ, ಪಿಚ್ಚೈಯಮ್ಮನ ಪಂದಲಿಗೆ ದಬ್ಬೆ ಬ್ಯಾಡ, ಬಿಚ್ಚಿ ಒಲೆಗಾಕಿ, ಮಗ್ಳು ಕೈಯಾರೆ ಕೊಡ್ಲಿ, ಅವ್ಳೂ ಅವ್ವನಂಗೇ. ಯಾರೋ ಹಗ್ಗ ಕೊಯ್ದರು, ದಬ್ಬೆ ನೆಲಕ್ಕೆ ಬಿತ್ತು, ಇರುವೆ ಚೆದುರಿದವು. ನಾನು ಅವ್ವನ ಹಾಗಲ್ಲ, ಎಂದು ಕೂಗಬೇಕು, ಕೂಗಿದರೆ ಅವ್ವ ತೊಳೆಸಿದ್ದೆಲ್ಲ ವ್ಯರ್ಥವಾಗುತ್ತದೆ, ಕೂಗದಿದ್ದರೆ ಸಾಯುವ ತನಕ ಇವರೆಲ್ಲ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ, ಬಾಯಿ ಮುಚ್ಚಿಸಿ ಹೋದೆಯಲ್ಲವ್ವಾ, ನನ್ನನ್ನು ಉಳಿಸುತ್ತೀನಿ ಎಂದು ಹೀಗೆ ಕಟ್ಟಿಹಾಕಿ ಹೋದೆಯಲ್ಲ. ಮೊದಲ ನೀರು ಯಾರಿಗೆ ಎಂದರು ಗೌಡರು. ತಂಗವೇಲನನ್ನು ಮುಂದೆ ತಳ್ಳಿದರು. ಅವನು ಬಂದು ವಾಡಿಕೆಯಂತೆ ದಬ್ಬೆಯ ಆ ತುದಿ ಇದ್ದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತ, ದಬ್ಬೆ ಇಲ್ಲ, ಆದರೂ ಅಲ್ಲೇ, ಅಷ್ಟೇ ದೂರದಲ್ಲಿ, ಬಾಯಿಯ ಹತ್ತಿರ ಬೊಗಸೆ ಹಿಡಿದ. ಚೊಂಬು ತುಂಬಿದೆ. ಹೋಗವ್ವಾ, ಅಂದರು ಯಾರೋ.

ಒಂದು. ಎರಡು. ಮೂರು. ನಾಲ್ಕು. ಇಷ್ಟೇನಾ. ಇಷ್ಟೇ ಇದ್ದದ್ದಾ, ಉಸಿರು ಬಿಟ್ಟು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಗಿದುಹೋಯಿತು, ಕಾಲಿಗೆ ಒಂದು ಕಲ್ಲೂ ತಾಗಲಿಲ್ಲ. ಬಗ್ಗಿಸಿದಳು. ತಂಗವೇಲನ ಹತ್ತು ಬೆರಳೂ ನೆಟ್ಟಗಿವೆ, ಬೊಗಸೆಯಲ್ಲಿ ಸಂದಿಯಿಲ್ಲ, ನೀರು ನಿಂತಿತು, ಕುಡಿದ, ಮತ್ತೆ ಒಡ್ಡಿದ, ಕುಡಿದ, ಸಾಕು ತಾಯೇ, ಅಂದ, ಅವಳು ನಿಲ್ಲಿಸಲಿಲ್ಲ, ಬೊಗಸೆ ತುಂಬಿ ಮೊಣಕೈಗೆ ಹರಿಯಿತು, ಸಾಕು ತಾಯೇ, ನಲ್ಲಾ ಇರು ತಾಯೇ — ಯಾರು ಅಂದದ್ದು, ಈ ದನಿ ಯಾರದು, ಕೈಗಳು ಯಾರವು, ಅರಿಸಿನ ಹಿಡಿದ ಸಣ್ಣ ಕೈ, ಎರಡೂ ಕೂಡಿವೆ, ಸೊಟ್ಟ ಕಿರುಬೆರಳು ಮಾತ್ರ ಕೂಡುತ್ತಿಲ್ಲ, ಎಷ್ಟು ಸುರಿದರೂ ನಿಲ್ಲುತ್ತಿಲ್ಲ, ಆ ಸಂದಿಯಿಂದ, ತೊಟ್ಟು, ತೊಟ್ಟು, ಮಣ್ಣಿಗೆ.